ಮೂರು ಸಲ ಆರಾಮ

ರೇಣವ್ವನಿಗೆ ಬೆಳಗಿನಿಂದ ಕುಕ್ಕರಿನ ಸೀಟಿಯ ಮೇಲೆ ಸಂಶಯ. ಮೂರು ಆದವೋ ನಾಲ್ಕೋ ಎಂಬ ಸಂಶಯವಲ್ಲ. ಸೀಟಿ ಹೊಡೆಯುವಾಗ ಅದರೊಳಗೆ ತನ್ನ ಹೆಸರು ಇತ್ತೋ ಇಲ್ಲವೋ ಎಂಬುದು. ಒಲೆ ಆರಿಸಿ, ಹಿಡಿಕೆ ಹಿಡಿದುಕೊಂಡೇ ನಿಂತು ಕಿವಿಗೊಟ್ಟಳು. ಪಕ್ಕದ ಮನೆಯ ನಲ್ಲಿ, ರಸ್ತೆಯಲ್ಲೊಂದು ಆಟೋ, ಮಗಳು ಸೃಷ್ಟಿ ಅವಲಕ್ಕಿ ತಿನ್ನುವ ಚಮಚದ ಸದ್ದು. ಹೆಸರಿಲ್ಲ. ಧಾರವಾಡದ ಈ ಬಾಡಿಗೆ ಮನೆಯಲ್ಲಿ ಆಕೆಯನ್ನು ಹೆಸರು ಹಿಡಿದು ಕರೆಯುವವರಾದರೂ ಯಾರಿದ್ದಾರೆ? ಮಗಳಿಗೆ ಅವ್ವ, ಓಣಿಗೆ ಸೃಷ್ಟಿ ಅವ್ವ, ದವಾಖಾನೆಯಲ್ಲಿ ಎಲ್ಲರಿಗೂ ರೇಣಕ್ಕ. ಬರೀ ರೇಣವ್ವಾ ಎಂದು ಕರೆಯುತ್ತಿದ್ದುದು ಒಂದೇ ದನಿ, ಅದೂ ಒಂಬತ್ತು ವರ್ಷಗಳ ಹಿಂದೆ, ಗೋಡೆಯ ಆಚೆಯಿಂದ, ಗೋಡೆಯ ಆಚೆ ಯಾರೂ ಇಲ್ಲದಾಗ. ಅದನ್ನು ಓಡಿಸಲು ಎರಡು ವರ್ಷ ಹಿಡಿದಿತ್ತು, ದಿನಕ್ಕೆ ಎರಡು ಗುಳಿಗೆ ಬೇಕಾಗಿತ್ತು. ಆ ಗುಳಿಗೆಗಳನ್ನು ನುಂಗದೆ ಇಂದಿಗೆ ಹದಿನಾರು ದಿನ. ಈ ಸಂಗತಿ ಗೊತ್ತಿದ್ದದ್ದು ಆಕೆಗೆ ಮತ್ತು ಅಡಿಗೆಮನೆಯ ಅರಿಷಿಣದ ಡಬ್ಬಿಗೆ ಮಾತ್ರ. ಡಬ್ಬಿಯ ತಳದಲ್ಲಿ ಗುಳಿಗೆಯ ಪಟ್ಟಿ ಮಡಚಿದ ಹಾಗೇ ಬಿದ್ದಿತ್ತು.

"ಅವ್ವಾ, ರಾತ್ರಿ ಮತ್ತ ನಿದ್ದಿ ಮಾಡಿಲ್ಲೇನು?" ಸೃಷ್ಟಿ ತಟ್ಟೆಯಿಂದ ತಲೆ ಎತ್ತದೆ ಕೇಳಿದಳು.

"ಮಾಡೇನಿ."

"ಆರಾಮ ಅದಿ?"

"ಆರಾಮ ಅದೇನಿ. ಲಗೂ ತಿನ್ನು, ಕಾಲೇಜಿಗೆ ಹೊತ್ತಾತು."

ಹುಡುಗಿ ಚಪ್ಪಲಿ ಮೆಟ್ಟುವಾಗ ಇನ್ನೊಮ್ಮೆ ಕೇಳಿದಳು, ಇನ್ನೊಮ್ಮೆ ಅದೇ ಉತ್ತರ ಕೇಳಿಸಿಕೊಂಡಳು, ಬಾಗಿಲಲ್ಲಿ ಮತ್ತೇನೋ ಕೇಳಲು ಹೋಗಿ ಬಿಟ್ಟು, ಮೆಟ್ಟಿಲಿಳಿದು ಹೋದಳು. ಹದಿನೇಳು ವರ್ಷದ ಮಗಳು ತಾಯಿಯ ಬೆರಳುಗಳನ್ನು ಕದ್ದು ನೋಡುವ ಮನೆಯಲ್ಲಿ ಮಾತು ಹೆಚ್ಚು ಬೆಳೆಯುವುದಿಲ್ಲ. ಉಪ್ಪಿನಬೆಟಗೇರಿಯ ತವರಿನಲ್ಲಿ ಅಜ್ಜಿಯ ಹತ್ತಿರ ಬೆಳೆದ ಕೂಸನ್ನು ಎರಡು ವರ್ಷದ ಹಿಂದೆ ಅಣ್ಣ ಬಾಳಕೃಷ್ಣನೇ ಕರೆತಂದು, ಚೀಲ ಹೊಸ್ತಿಲ ಮೇಲಿಟ್ಟು, ಒಳಗೂ ಬಾರದೆ ಹೇಳಿದ್ದ: "ನೀ ಆರಾಮ ಇರೂತನಾ ಕೂಸು ನಿನ್ನ ಕಡೆ ಇರ್ಲಿ ತಂಗಿ." ಆರಾಮ ಇರುವತನಕ. ಈ ಸೀಮೆಯಲ್ಲಿ ಆ ಒಂದು ಶಬ್ದದ ಮೇಲೆ ಎಷ್ಟು ಭಾರ! ದಾರಿಯಲ್ಲಿ ಎದುರಾದವರು ಆರಾಮ ಎನ್ನುತ್ತಾರೆ, ನಿಲ್ಲದೆಯೇ ಉತ್ತರವೂ ಆರಾಮ. ನೆಗಡಿಯಾದವನಿಗೂ ಆರಾಮಿಲ್ಲ, ಕೊನೆಯುಸಿರು ಎಳೆಯುತ್ತಿರುವವನಿಗೂ ಆರಾಮಿಲ್ಲ. ಹುಚ್ಚು ಬಿಟ್ಟವಳಿಗೂ ಅದೇ ಶಬ್ದ: ಆರಾಮ ಆತಂತ. ಅಣ್ಣನ ಬಾಯಲ್ಲಿ ಬಂದದ್ದು ಯಾವ ಆರಾಮ ಎಂದು ಆಕೆ ಅಂದು ಕೇಳಲಿಲ್ಲ. ಕೇಳುವ ಧೈರ್ಯವಿರಲಿಲ್ಲ.

ಫೋನು ಬಡಿದುಕೊಂಡಾಗ ಮೊದಲು ಅದನ್ನೂ ನಂಬಲಿಲ್ಲ. ಪರದೆಯ ಮೇಲೆ ಹೆಸರು ಕಂಡ ಮೇಲೆ ಎತ್ತಿದಳು. ಹುಬ್ಬಳ್ಳಿಯ ಕಮರಿಪೇಟೆಯ ಮೌಲಾಬಿ, ದವಾಖಾನೆಗೆ ಬರುವ ಇಕ್ಬಾಲನ ತಾಯಿ.

"ಅಕ್ಕಾರ, ನಮ್ಮ ಇಕ್ಬಾಲ ನಿಮ್ಮ ಕಡೆ ಬಂದಾನೇನ್ರಿ?"

"ಇಲ್ಲಲ್ಲ. ಯಾಕ್ರಿ?"

"ಬೆಳಕ ಹರಿಯೂಕಿಂತ ಮೊದ್ಲ ಎದ್ದು ಹೋಗ್ಯಾನ್ರಿ. ಫೋನು ಇಲ್ಲೇ ಐತಿ, ಪಾಕೀಟು ಇಲ್ಲೇ ಐತಿ. ಗ್ಯಾರೇಜಿಗೆ ಕೀಲಿ ಹಾಕಿದ್ದು ಹಂಗ ಐತಿ. ನೀವ ಹೇಳ್ರಿ ಅಕ್ಕಾರ, ನಾ ಎಲ್ಲಿ ನೋಡ್ಲಿ?"

ಗಾಬರಿಯಾಗಬೇಡಿ ಎಂದು ರೇಣವ್ವ ಹೇಳಿದಳು. ಹಾಗೆ ಹೇಳುವುದು ಆಕೆಯ ನೌಕರಿ. ಕೊರಳಿಗೆ ಹಾಕಿಕೊಳ್ಳುವ ಕಾರ್ಡಿನ ಮೇಲೆ ಜೊತೆಗಾರ್ತಿ ಎಂದು ಬರೆದಿತ್ತು. ಮಾನಸಿಕ ದವಾಖಾನೆಯ ಆವರಣದಲ್ಲಿ ಒಂದು ಸಂಸ್ಥೆ ಕೋಣೆ ಹಿಡಿದಿತ್ತು. ಒಮ್ಮೆ ಕಾಯಿಲೆ ಬಿದ್ದು ಎದ್ದವರು ಈಗ ಏಳುತ್ತಿರುವವರ ಜೊತೆ ಕೂಡುವುದು, ವಾರಕ್ಕೊಮ್ಮೆ ಫೋನು ಮಾಡುವುದು, ಮನೆಗೆ ಹೋಗಿ ಬರುವುದು, ಇದು ಕೆಲಸ. ಈ ನೌಕರಿಗೆ ಬೇಕಾದದ್ದು ಎರಡೇ ಡಿಗ್ರಿ, ಹುಚ್ಚು ಹಿಡಿದಿರಬೇಕು, ಆಮೇಲೆ ಬಿಟ್ಟಿರಬೇಕು ಎಂದು ಆಕೆಯೇ ನಗೆಯಾಡುತ್ತಿದ್ದಳು. ಎರಡನೆಯ ಡಿಗ್ರಿಯನ್ನು ವಾಪಸು ಕಸಿದುಕೊಳ್ಳಬಹುದು ಎಂಬುದು ಆಗ ನಗೆಯ ಮಾತಾಗಿರಲಿಲ್ಲ, ಈಗಲೂ ಅಲ್ಲ.

ದವಾಖಾನೆಯತ್ತ ನಡೆಯುವಾಗ ನಿನ್ನೆ ಸಂಜೆಯ ಫೋನು ಶಬ್ದಕ್ಕೆ ಶಬ್ದ ಮರಳಿ ಬಂತು. ಮಾಡಿದ್ದು ಆಕೆಯೇ. ಇಕ್ಬಾಲ ಎತ್ತಿದವನೇ, "ಅಕ್ಕಾರ, ಆರಾಮ?" ಎಂದಿದ್ದ. "ಆರಾಮಪಾ. ನೀನು?" "ನಾ ಆರಾಮ್ರಿ." ಮತ್ತೆ, "ಆರಾಮ ಅದೀರಿ ಹೌದಲ್ರಿ?" "ಹೌದು, ಆರಾಮ ಅದೇನಿ." ಮೂರನೆಯ ಸಲ ಕೇಳಿದಾಗ ಆಕೆಗೆ ಸಿಟ್ಟು ಬಂದಿತ್ತು. "ಎಷ್ಟ ಸಲ ಹೇಳ್ಬೇಕೋ? ಆರಾಮ ಅದೇನಿ" ಎಂದು ಗದರಿದ್ದಳು. ಆತ ಆಗ, ಬಹಳ ಸಣ್ಣ ದನಿಯಲ್ಲಿ, "ಹೋಗ್ಲಿ ಬಿಡ್ರಿ. ನಾಳೆ ಎಲ್ಲಾ ಆರಾಮ ಆಗತೈತಿ" ಎಂದು ಇಟ್ಟುಬಿಟ್ಟ. ಅವಸರ ಯಾಕಿತ್ತು ಆಕೆಗೆ? ಗೋಡೆಯ ಆಚೆ ಏನೋ ಕೇಳಿಸಿದ ಹಾಗಿತ್ತು, ಅದಕ್ಕೆ. ಒಂದು ಕಿವಿ ಫೋನಿಗೆ ಕೊಟ್ಟು ಇನ್ನೊಂದನ್ನು ಗೋಡೆಗೆ ಕೊಟ್ಟಿದ್ದಳು. ನಾಳೆ ಎಲ್ಲಾ ಆರಾಮ ಆಗತೈತಿ. ಇಪ್ಪತ್ತೆಂಟು ವರ್ಷದ ಗಂಡಸು, ಹೋದ ವರ್ಷ ಒಮ್ಮೆ ಜೀವದ ಮೇಲೆ ಬೇಸರಗೊಂಡು ಹೇಗೋ ಉಳಿದವನು, ಆ ಮಾತು ಹೇಳಿ ಫೋನು ಇಡುತ್ತಾನೆ. ಜೊತೆಗಾರ್ತಿ ರಿಜಿಸ್ಟರು ತೆಗೆದು ಆತನ ಹೆಸರಿನ ಮುಂದೆ "ಆರಾಮ" ಎಂದು ಬರೆಯುತ್ತಾಳೆ.

ಅದಕ್ಕಿಂತ ನಾಚಿಕೆಗೇಡು ಏನೆಂದರೆ ಆ ಪಾಠ ಆಕೆಯದೇ. ಶುಕ್ರವಾರದ ಗುಂಪಿನಲ್ಲಿ ಎಲ್ಲರನ್ನೂ ಚಾಪೆಯ ಮೇಲೆ ಕೂರಿಸಿಕೊಂಡು ಹೇಳಿಕೊಟ್ಟಿದ್ದಳು. "ನಮ್ಮ ಕಡೆ ಆರಾಮ ಅನ್ನೂದು ನಮಸ್ಕಾರ ಇದ್ದಂಗ. ಮೊದಲನೇ ಸಲ ಅಂದ್ರ ಅದು ರೂಢಿ. ಎರಡನೇ ಸಲ ಅಂದ್ರ ಮರ್ಯಾದಿ. ಮೂರನೇ ಸಲ ಕೇಳಿದಾಗೂ ಅಷ್ಟ ಲಗೂ ಆರಾಮ ಅಂದ್ರ, ಮುಂದ ಫೋನಿನ್ಯಾಗ ಮಾತಾಡಬ್ಯಾಡ್ರಿ. ಎದ್ದು ಹೋಗ್ರಿ. ಮಕಾ ನೋಡ್ರಿ." ಎಲ್ಲರೂ ತಲೆಯಾಡಿಸಿದ್ದರು. ಹಿಂದಿನ ಸಾಲಿನಲ್ಲಿ ಇಕ್ಬಾಲ ಗ್ರೀಸು ಹೋಗದ ಉಗುರುಗಳಿಂದ ಅದನ್ನು ಬೆರಳ ಮೇಲೆ ಎಣಿಸಿಕೊಂಡಿದ್ದ. ಮೂರು ಸಲ ಕೇಳುವವನು ತನ್ನನ್ನೂ ಮೂರು ಸಲ ಕೇಳಲಿ ಎಂದು ಕೇಳುತ್ತಾನೆ, ಇಷ್ಟು ತಿಳಿಯಬಾರದೇ? ಆಕೆ ಕೇಳಿದ್ದು ಒಂದೇ ಸಲ, ಅದೂ "ನೀನು?" ಎಂದು, ಬಸ್ಸಿನಲ್ಲಿ ಪಕ್ಕದವರನ್ನು ಕೇಳುವ ಹಾಗೆ.

ಜೊತೆಗಾರರ ಕೋಣೆಯಲ್ಲಿ ಇನ್ನೂ ಯಾರೂ ಇರಲಿಲ್ಲ. ಸಂಯೋಜಕಿ ಮಾನಸಿಗೆ ಹೇಳಿ ಹೋಗೋಣ ಎಂದು ತಾನು ಬಂದದ್ದು ಸುಳ್ಳು, ಬಂದದ್ದು ರಿಜಿಸ್ಟರಿಗಾಗಿ. ಅದು ಕೈ ಕಪಾಟಿನ ಹಿಡಿಕೆ ಹಿಡಿದಾಗ ಆಕೆಗೇ ಗೊತ್ತಾಯಿತು. ಇಕ್ಬಾಲ, ಕಮರಿಪೇಟೆ, ಫೋನ್ ಭೇಟಿ: ಆರಾಮ. ತನ್ನದೇ ದುಂಡು ಅಕ್ಷರ. ಅದರ ಮುಂದೆ ಅರ್ಧ ಸಾಲು ಖಾಲಿ ಇತ್ತು. ಪೆನ್ನು ತೆಗೆದು, "ದನಿ ಸಣ್ಣದಿತ್ತು, ನಾಳೆ ಮನೆಗೆ ಹೋಗಿ ನೋಡುವುದು" ಎಂದು ಸೇರಿಸಿದಳು. ಬರೆದು ಮುಗಿಸಿ ನೋಡಿದರೆ ನಿನ್ನೆಯದು ಕಪ್ಪು ಶಾಯಿ, ಇಂದಿನದು ನೀಲಿ. ಒಬ್ಬ ಮನುಷ್ಯ ಎಲ್ಲಿ ಬಿದ್ದಿದ್ದಾನೋ ತಿಳಿಯದ ಹೊತ್ತಿನಲ್ಲಿ ತಾನು ಶಾಯಿಯ ಬಣ್ಣ ನೋಡುತ್ತಿದ್ದೇನೆ ಎಂದು ಹೇಸಿಗೆಯಾಯಿತು. ಅಷ್ಟರಲ್ಲಿ ಮಾನಸಿ ಬಂದಳು. ಇಪ್ಪತ್ತಾರು ವರ್ಷ, ಎಂ.ಎಸ್.ಡಬ್ಲ್ಯೂ, ಯಾವಾಗಲೂ ಒಗೆದ ವಾಸನೆಯ ಚೂಡಿದಾರ. ವಿಷಯ ಕೇಳಿ ಆಕೆಯ ಮುಖ ಗಂಭೀರವಾಯಿತು.

"ನಿನ್ನೆ ಮಾತಾಡಿದ್ರೆಲ್ಲ ರೇಣಕ್ಕ, ಹೆಂಗಿದ್ದ?"

"ಆರಾಮ ಇದ್ದ" ಎಂದಳು ರೇಣವ್ವ. ರಿಜಿಸ್ಟರಿನಲ್ಲಿ ಬರೆದದ್ದು ಒಂದು, ಬಾಯಲ್ಲಿ ಬಂದದ್ದು ಇನ್ನೊಂದು. "ಅಂದ್ರ, ದನಿ ಸ್ವಲ್ಪ ಸಣ್ಣದಿತ್ತು."

"ನೀವು ಹುಬ್ಬಳ್ಳಿಗೆ ಹೋಗ್ರಿ. ನಾ ಇಲ್ಲಿಂದ ಫೋನ್ ಮಾಡತೇನಿ. ಮತ್ತ ರೇಣಕ್ಕ…" ಮಾನಸಿ ಆಕೆಯ ಮುಖವನ್ನೇ ನೋಡುತ್ತಿದ್ದಳು. "ನೀವು ಆರಾಮ ಅದೀರಿ?"

"ಆರಾಮ ಅದೇನ್ರಿ ಮ್ಯಾಡಂ."

ಹುಬ್ಬಳ್ಳಿಗೆ ಹೋಗುವ ಚಿಗರಿ ಬಸ್ಸಿನಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಬಾಗಿಲು ತೆರೆಯುವಾಗ, ಮುಚ್ಚುವಾಗ ಹೆಣ್ಣುದನಿಯೊಂದು ನಿಲ್ದಾಣದ ಹೆಸರು ಹೇಳುತ್ತಿತ್ತು, ಪ್ರತಿಸಲವೂ ರೇಣವ್ವ ಕಿವಿಗೊಡುತ್ತಿದ್ದಳು: ಮುಂದಿನ ನಿಲ್ದಾಣ ಎಂದ ಮೇಲೆ ತನ್ನ ಹೆಸರು ಬಂದರೆ? ಬರಲಿಲ್ಲ. ಗುಳಿಗೆ ಬಿಟ್ಟದ್ದಕ್ಕೆ ಕಾರಣ ದೊಡ್ಡದೇನೂ ಇರಲಿಲ್ಲ, ಅದನ್ನು ನೆನೆಸಿಕೊಂಡರೆ ನಾಚಿಕೆ ಇನ್ನೂ ಹೆಚ್ಚಾಗುತ್ತದೆ. ಹೋದ ತಿಂಗಳು ಒಂದು ಕಾರ್ಯಕ್ರಮದಲ್ಲಿ ಆಕೆಯನ್ನು ವೇದಿಕೆ ಹತ್ತಿಸಿದ್ದರು. ಹೇಗೆ ಬಿದ್ದೆ, ಹೇಗೆ ಎದ್ದೆ ಎಂದು ಹೇಳುವುದು ಆಕೆಗೆ ಈಗ ಬಾಯಿಪಾಠ. ಎಲ್ಲಿ ನಿಲ್ಲಬೇಕು, ಎಲ್ಲಿ ಜನ ಕಣ್ಣೊರೆಸಿಕೊಳ್ಳುತ್ತಾರೆ ಎಲ್ಲಾ ಗೊತ್ತು. ಮುಗಿಸಿ ನೀರಿನ ಗ್ಲಾಸು ಎತ್ತಿದಾಗ ಕೈ ನಡುಗಿ ನೀರು ಸೀರೆಯ ಮೇಲೆ ಚೆಲ್ಲಿತು. ನಡುಕ ಗುಳಿಗೆಯದು, ಕಾಯಿಲೆಯದಲ್ಲ, ಡಾಕ್ಟರಿಗೆ ಹೇಳಿದ್ದರೆ ಬದಲಿಸುತ್ತಿದ್ದರು. ಆದರೆ ಮುಂದಿನ ಸಾಲಿನ ಹೆಂಗಸೊಬ್ಬಳು ಪಕ್ಕದವಳ ಕಿವಿಯಲ್ಲಿ, "ಇನ್ನೂ ಪೂರಾ ಆರಾಮ ಆಗಿಲ್ಲ ಕಾಣಸ್ತೈತಿ" ಎಂದದ್ದು ಮೈಕಿನಷ್ಟು ಸ್ಪಷ್ಟವಾಗಿ ಕೇಳಿಸಿತು. ಅಂದಿನಿಂದ ನೀರು ಕುಡಿಯುವಾಗಲೆಲ್ಲ ಆ ಹೆಂಗಸು ಎದುರಿಗೆ ಕೂತಿರುತ್ತಿದ್ದಳು. ಒಂದು ವಾರ ತಡೆದಳು, ಆಮೇಲೆ ಪಟ್ಟಿ ಡಬ್ಬಿಯೊಳಗೆ ಹೋಯಿತು. ಕೈಯ ನಡುಕ ನಿಂತಿತು. ದಿನವೂ ಹತ್ತು ಜನಕ್ಕೆ "ಗುಳಿಗಿ ಬಿಡಬ್ಯಾಡ್ರಿ" ಎಂದು ಹೇಳುವ ಬಾಯಿ ಮಾತ್ರ ನಿಲ್ಲಲಿಲ್ಲ.

ಹುಬ್ಬಳ್ಳಿ ಮುಟ್ಟುವ ಮೊದಲೇ ಉಣಕಲ್ಲಿನಲ್ಲಿ ಇಳಿದುಬಿಟ್ಟಳು. ಇಳಿಯಬೇಕೆಂದು ಯೋಚಿಸಿರಲಿಲ್ಲ, ಕೆರೆಯ ನೀರು ಕಂಡೊಡನೆ ಕಾಲು ಇಳಿದವು. ದಂಡೆಯ ಮೇಲೆ ನಡೆಯುವವರು, ಮೊಬೈಲು ಹಿಡಿದವರು, ಹಸಿರು ಪಾಚಿಯ ಹತ್ತಿರ ಎರಡು ಕೊಕ್ಕರೆ. ಯಾವುದಾದರೂ ಗುಂಪು ಸೇರಿದೆಯೇ, ಯಾರಾದರೂ ನೀರಿನತ್ತ ಬೆರಳು ಮಾಡುತ್ತಿದ್ದಾರೆಯೇ ಎಂದು ಅರ್ಧ ತಾಸು ನೋಡಿದಳು. ಇಕ್ಬಾಲನನ್ನು ಹುಡುಕುತ್ತಿದ್ದಳೋ, ಆತ ಸಿಗದಿರಲಿ ಎಂದು ಹುಡುಕುತ್ತಿದ್ದಳೋ ತಿಳಿಯುತ್ತಿರಲಿಲ್ಲ. ಆತ ಮೊದಲ ಮೂರು ವಾರ ಆಕೆಯ ಮುಂದೆ ಬಾಯಿ ಬಿಟ್ಟಿರಲಿಲ್ಲ. ಸ್ಕೂಟರಿನ ಇಂಜಿನ್ನು ತನ್ನನ್ನು ಬೈಯುತ್ತದೆ ಎಂದು ಆತ ಅನ್ನುತ್ತಿದ್ದುದನ್ನು ತಾಯಿ ಹೇಳಿದ್ದಳು; ಗ್ಯಾರೇಜಿನಲ್ಲಿ ಗಿರಾಕಿಗಳು ಅದಕ್ಕೆ ನಕ್ಕಿದ್ದರು. ನಾಲ್ಕನೆಯ ವಾರ ರೇಣವ್ವ ಏನೂ ಬುದ್ಧಿ ಹೇಳದೆ, "ನನಗೂ ಕೇಳಸ್ತಿತ್ತು" ಎಂದಿದ್ದಳು. ಅಷ್ಟೇ. ಆತ ತಲೆ ಎತ್ತಿದ್ದ. ಡಾಕ್ಟರ ಹತ್ತಿರ ಇಲ್ಲದ, ಮಾನಸಿಯ ಪುಸ್ತಕಗಳಲ್ಲೂ ಇಲ್ಲದ ಮಾತು ಅದೊಂದೇ, ಆಕೆಯ ಇಡೀ ನೌಕರಿ ಆ ಎರಡು ಶಬ್ದದ ಮೇಲೆ ನಿಂತಿತ್ತು. ಕೇಳಸ್ತಿತ್ತು. ಈಗಿಲ್ಲ ಎಂಬ ಅರ್ಥ ಬರುವ ಹಾಗೆ ಹೇಳಿದ್ದಳು.

ಕಮರಿಪೇಟೆಯ ಓಣಿಯಲ್ಲಿ ಮೌಲಾಬಿ ಬಾಗಿಲಲ್ಲೇ ನಿಂತಿದ್ದಳು. ರೇಣವ್ವನ ಕೈ ಎರಡೂ ಹಿಡಿದುಕೊಂಡು ಒಳಗೆ ಕರೆದೊಯ್ದಳು. ಹಾಸಿಗೆ ಮಡಚಿಟ್ಟಿತ್ತು. ಗೂಡಿನಲ್ಲಿ ಗುಳಿಗೆಯ ಪಟ್ಟಿ. ರೇಣವ್ವ ಒಂದೊಂದೇ ಕುಳಿ ಮುಟ್ಟಿ ನೋಡಿದಳು. ಇಂದು ಬೆಳಗಿನದೂ ಖಾಲಿಯಾಗಿತ್ತು. ಜೀವ ಬಿಡಲು ಹೊರಟವನು ಗುಳಿಗೆ ನುಂಗಿ ಹೋಗುತ್ತಾನೆಯೇ? ಆತ ನುಂಗಿದ್ದ, ತಾನು ನುಂಗಿರಲಿಲ್ಲ.

"ರಾತ್ರಿ ಏನರ ಅಂದ್ನೇನ್ರಿ?"

"ನಿಮ್ಮ ಮಾತ ತಗದಿದ್ದ. ಫೋನ್ ಇಟ್ಟ ಮ್ಯಾಲೆ ಅಮ್ಮೀ, ರೇಣಕ್ಕನ ಗಂಡನ ಹೆಸರ ಏನು ಅಂದ. ನೀವು ಒಮ್ಮೆ ಹೇಳಿದ್ರೆಲ್ಲ, ಉಳವಪ್ಪ ಅಂತ, ಗರಗದಾಗ ಇನ್ನೊಂದು ಲಗ್ನ ಆಗ್ಯಾನಂತ. ಹೇಳಿದೆ. ಯಾಕೋ ಬೇಟಾ ಅಂದ್ರ, ಕೆಲಸ ಐತಿ ಅಂದ."

ರೇಣವ್ವ ಪಟ್ಟಿಯನ್ನು ಗೂಡಿಗೆ ಇಟ್ಟಳು. ಉಳವಪ್ಪನ ಹೆಸರು ಯಾಕೆ? ಅದನ್ನು ಕೇಳು ಎಂದು ಆತನಿಗೆ ಹೇಳಿದವರು ಯಾರು? ಇದರಲ್ಲಿ ಏನೋ ಇದೆ, ಕುಕ್ಕರು, ಬಸ್ಸು, ಈಗ ಇದು, ಎಲ್ಲಾ ಒಂದೇ ಕಡೆಯಿಂದ ಬರುತ್ತಿದೆ ಎಂದು ತಲೆ ಒಂದಕ್ಕೊಂದು ಗಂಟು ಹಾಕತೊಡಗಿತು. ಗಂಟು ಹಾಕುತ್ತಿದೆ ಎಂದು ಆಕೆಗೆ ತಿಳಿಯುತ್ತಲೂ ಇತ್ತು. ಒಂಬತ್ತು ವರ್ಷದ ಹಿಂದೆಯೂ ಹೀಗೆಯೇ, ಮೊದಲ ಒಂದು ವಾರ ತಿಳಿಯುತ್ತಿತ್ತು, ಆಮೇಲೆ ತಿಳಿಯುವುದು ನಿಂತಿತು. ಗೋಡೆ ಹಿಡಿದು ಕೂತಳು. ಮೌಲಾಬಿ ನೀರು ಕೊಟ್ಟಳು. "ಬೇಟಿ, ನಿಮ್ಮ ಮಕಾ ಯಾಕ ಹಿಂಗ ಆಗೇತಿ? ನೀವು ಆರಾಮ…" ಎನ್ನುತ್ತಿದ್ದ ಹಾಗೆ ಫೋನು ಬಂತು.

"ರೇಣಕ್ಕ, ಇಕ್ಬಾಲ ಇಲ್ಲೇ ಅದಾನ!" ಮಾನಸಿಯ ದನಿ. "ದವಾಖಾನಿ ಓಪಿಡಿ ಮುಂದ ಬಾಕಿನ ಮ್ಯಾಲೆ ಕುಂತಾನ. ಆದ್ರ ಯಾರ ಜೋಡೀನೂ ಮಾತಾಡವಲ್ಲ. ನೀವ ಬರಬೇಕಂತ. ಲಗೂ ಬರ್ರಿ."

ಮೌಲಾಬಿ ಅಲ್ಲೇ ನೆಲಕ್ಕೆ ಕೂತು ಅತ್ತಳು. ರೇಣವ್ವನಿಗೆ ಅಳು ಬರಲಿಲ್ಲ, ಮೈಯೆಲ್ಲ ಹಗುರಾಯಿತು, ಮರುಕ್ಷಣ ಭಯವೂ ಆಯಿತು. ಆತ ದವಾಖಾನೆಗೇ ಬಂದಿದ್ದಾನೆಂದರೆ ಅಷ್ಟು ಆರಾಮಿಲ್ಲ. ಮಾನಸಿಯ ಎದುರಿಗೇ ಹೇಳುತ್ತಾನೆ, ಅಕ್ಕಾರಿಗೆ ನಿನ್ನೆ ಹೇಳಿದೆ, ಅವರು ಬೈದರು ಎಂದು. ಕಪ್ಪು ಶಾಯಿ, ನೀಲಿ ಶಾಯಿ. ಮರಳಿ ಬರುವ ಬಸ್ಸಿನಲ್ಲಿ ನಿಂತೇ ಬಂದಳು, ಹೇಳಬೇಕಾದ ಮಾತುಗಳನ್ನು ಜೋಡಿಸುತ್ತಾ, ಕೆಡಿಸುತ್ತಾ.

ಓಪಿಡಿಯ ಮುಂದೆ ಎಂದಿನ ಗದ್ದಲ. ಬಾಕು ಬೆಂಚುಗಳ ತುಂಬ ಜನ, ಬುತ್ತಿಯ ಗಂಟು, ತಾಯಂದಿರ ಸೆರಗು ಹಿಡಿದ ದೊಡ್ಡ ಗಂಡುಮಕ್ಕಳು. ಕೊನೆಯ ಬಾಕಿನ ಮೇಲೆ ಇಕ್ಬಾಲ ಕೂತಿದ್ದ, ಪ್ಯಾಂಟು ಮೊಣಕಾಲತನಕ ಕೆಂಪು ಧೂಳಾಗಿತ್ತು. ಪಕ್ಕದಲ್ಲಿ ಮಾನಸಿ ನಿಂತಿದ್ದಳು. ರೇಣವ್ವ ಆತನ ಬದಿಗೆ ಕೂತು, ಕಲಿತ ಹಾಗೆ ಮುಖ ನೋಡಿದಳು. ಕಣ್ಣು ಕೆಂಪಾಗಿದ್ದವು, ಆದರೆ ನೋಟ ಸ್ಥಿರವಾಗಿತ್ತು.

"ಆರಾಮ ಇದ್ದಿ?"

"ಆರಾಮ್ರಿ."

"ಖರೇ ಹೇಳು. ಆರಾಮ ಇದ್ದಿ?"

"ಕಾಲ ನೋಯಸಾಕತ್ತಾವು. ಹುಬ್ಬಳ್ಳಿಯಿಂದ ನಡ್ಕೊಂತ ಬಂದ್ನಿ, ಐದು ತಾಸು. ಪಾಕೀಟು ಮರ್ತಿದ್ನಿ. ನವಲೂರ ಹತ್ರ ಚಿಗರಿಯಾಗ ನಿಮ್ಮನ್ನ ನೋಡಿ ಕೈ ಮಾಡಿದ್ನಿ, ನೀವು ಈ ಕಡೆ ನೋಡಲೇ ಇಲ್ಲ."

"ಎದಕ ಬಂದಿ? ಫೋನ್ ಮಾಡಿದ್ರ ಆಗತಿರ್ಲಿಲ್ಲ?"

ಇಕ್ಬಾಲ ತನ್ನ ಉಗುರು ನೋಡಿಕೊಂಡ. "ನೀವ ಹೇಳಿದ್ರೆಲ್ರಿ, ಮೂರನೇ ಸಲಾನೂ ಲಗೂ ಆರಾಮ ಅಂದ್ರ ಫೋನಿನ್ಯಾಗ ಮಾತಾಡಬ್ಯಾಡ್ರಿ, ಎದ್ದು ಹೋಗ್ರಿ ಅಂತ. ನಿಮ್ಮ ಮನಿ ನನಗ ಗೊತ್ತಿಲ್ಲ. ಅದಕ್ಕ ಇಲ್ಲಿಗೆ ಬಂದ್ನಿ." ಆಮೇಲೆ ಇನ್ನೂ ಮೆಲ್ಲಗೆ, ಮಾನಸಿಗೆ ಕೇಳಿಸದ ಹಾಗೆ ಹೇಳಿದ, "ನಿಮ್ಮ ದನಿ ಕೆಟ್ಟ ಇಂಜಿನ್ ಗತೆ ಮಿಸ್ ಹೊಡಿಯಾಕತ್ತೇತಿ ಅಕ್ಕಾರ. ಎರಡ ವಾರಾತು. ಗಾಡಿ ಹಂಗ ಸದ್ದು ಮಾಡಿದ್ರ ನಾ ರಸ್ತಾದಾಗ ಬಿಡಂಗಿಲ್ಲ."

ಒಂದು ಗಳಿಗೆ ಆಕೆಗೆ ಅರ್ಥವಾಗಲಿಲ್ಲ. ಅರ್ಥವಾದಾಗ ಮೊದಲು ಬಂದದ್ದು ಸಿಟ್ಟು. ತಾನು ಈತನನ್ನು ಕೆರೆಯಲ್ಲಿ ಹುಡುಕುತ್ತಿದ್ದರೆ ಈತ ತನ್ನನ್ನು ಹುಡುಕಿಕೊಂಡು ಬಂದಿದ್ದಾನೆ. ಯಾರು ಯಾರ ಜೊತೆಗಾರ? ಮಾನಸಿ ಎರಡು ಹೆಜ್ಜೆ ದೂರದಲ್ಲಿದ್ದಳು. ಮಾನಸಿಗೆ ಗೊತ್ತಾದರೆ ಸಂಸ್ಥೆಗೆ, ಸಂಸ್ಥೆಗೆ ಗೊತ್ತಾದರೆ ಉಪ್ಪಿನಬೆಟಗೇರಿಯ ಅಣ್ಣನಿಗೆ. ಸೃಷ್ಟಿಯ ಚೀಲ ಮತ್ತೆ ಹೊಸ್ತಿಲ ಮೇಲೆ. "ಹುಚ್ಚಗಿಚ್ಚ ಹಿಡದೈತೇನು ನಿನಗ?" ಎಂದುಬಿಟ್ಟಳು, ಈ ಆವರಣದಲ್ಲಿ ಯಾರೂ ಯಾರಿಗೂ ಅನ್ನದ ಮಾತು. "ನಾ ಆರಾಮ ಅದೇನಿ."

ಇಕ್ಬಾಲ ಬೇಸರ ಮಾಡಿಕೊಳ್ಳಲಿಲ್ಲ, ಲೆಕ್ಕಕ್ಕೆ ಒಂದು ಬೆರಳು ಮಾತ್ರ ಮಡಚಿದ.

ಆಗ ಗೋಡೆ ಕರೆಯಿತು. "ರೇಣವ್ವಾ."

ಆಕೆಯ ಕೈ ಬಾಕಿನ ಅಂಚು ಹಿಡಿದವು. ಬಂತು. ಇಷ್ಟು ವರ್ಷಗಳ ಮೇಲೆ ಅದೇ ರೀತಿ, ಅಕ್ಕ ಇಲ್ಲ, ಅವ್ವಾರ ಇಲ್ಲ, ಬರೀ ರೇಣವ್ವಾ. ಎದುರಿಗೆ ಗೋಡೆ, ಗೋಡೆಯ ಮೇಲೆ ಡಾಕ್ಟರು ರೋಗಿಗಳನ್ನು ಕರೆಯುವ ಸ್ಪೀಕರಿನ ಕರಿ ಡಬ್ಬಿ. ಅದು ಡಬ್ಬಿಯೇ, ದಿನವೂ ನೂರು ಹೆಸರು ಕೂಗುತ್ತದೆ, ಆದರೆ ಅದರಲ್ಲಿ ತನ್ನ ಹೆಸರು ಯಾಕೆ ಬರಬೇಕು? ತಾನು ಇಲ್ಲಿ ರೋಗಿಯಲ್ಲ, ಕಾರ್ಡು ಹಾಕಿಕೊಂಡವಳು. ಕದಲಬಾರದು. ಉತ್ತರ ಕೊಟ್ಟರೆ ಅದಕ್ಕೆ ಬಲ ಬರುತ್ತದೆ, ಇದನ್ನೂ ಆಕೆಯೇ ಎಲ್ಲರಿಗೂ ಹೇಳಿಕೊಟ್ಟದ್ದು. ಉಸಿರು ಹಿಡಿದು ನೆಲದ ಫರ್ಸಿಕಲ್ಲು ನೋಡುತ್ತಾ ಕೂತಳು.

"ರೇಣವ್ವಾ ಉಳವಪ್ಪ."

ಉಳವಪ್ಪ ಎಂದು ಆ ಹಳೆಯ ದನಿ ಎಂದೂ ಅಂದಿರಲಿಲ್ಲ. ಆಕೆಗೊಂದು ಹಳೆಯ ಉಪಾಯ ನೆನಪಾಯಿತು: ಕೇಳಿಸಿದ್ದು ಖರೇ ಹೌದೋ ಅಲ್ಲವೋ ತಿಳಿಯಬೇಕಾದರೆ ಪಕ್ಕದವರ ಮುಖ ನೋಡು. ಹೆದರುತ್ತಾ ತಿರುಗಿದಳು. ಮಾನಸಿ ಸ್ಪೀಕರಿನತ್ತ ನೋಡಿ, ಹುಬ್ಬು ಗಂಟಿಕ್ಕಿ, ಈಗ ರೇಣವ್ವನತ್ತ ನೋಡುತ್ತಿದ್ದಳು. ಇಕ್ಬಾಲ ಅಂಗಿಯ ಕಿಸೆಯಿಂದ ಬೆವರಿಗೆ ನೆಂದ ಒಂದು ಚೀಟಿ ತೆಗೆದು ಆಕೆಯ ತೊಡೆಯ ಮೇಲಿಟ್ಟ. ಆತನೇ ಮಾಡಿಸಿದ ದವಾಖಾನೆಯ ಓಪಿಡಿ ಚೀಟಿ. ಆಕೆಯ ಹೆಸರು, ಗಂಡನ ಹೆಸರು, ವಯಸ್ಸಿನ ಜಾಗದಲ್ಲಿ ಆತನಿಗೆ ತೋಚಿದ ಒಂದು ಅಂಕಿ.

"ಅಕ್ಕಾರ," ಎಂದ ಇಕ್ಬಾಲ, "ನನಗೂ ಕೇಳಿಸ್ತು."

ಆಕೆ ಎರಡೂ ಕೈಯಲ್ಲಿ ಚೀಟಿ ಹಿಡಿದುಕೊಂಡಳು. ಬೆಳಿಗ್ಗೆ ಎರಡು ಸಲ ಕೇಳಿ, ಮೂರನೆಯ ಸಲ ಕೇಳಲು ಹೆದರಿ ಮೆಟ್ಟಿಲಿಳಿದು ಹೋದ ಮಗಳ ಬೆನ್ನು ಕಣ್ಣ ಮುಂದೆ ಬಂತು. ಕಾರ್ಡಿನ ದಾರ ಕುತ್ತಿಗೆಗೆ ಒತ್ತುತ್ತಿತ್ತು. ಬಾಕುಗಳ ಮೇಲಿನ ಜನ ಯಾರೀ ರೇಣವ್ವ ಎಂದು ಅತ್ತಿತ್ತ ನೋಡತೊಡಗಿದ್ದರು.

"ರೇಣವ್ವಾ ಉಳವಪ್ಪ, ಅದಾರೇನ್ರಿ?" ಡಬ್ಬಿ ಮೂರನೆಯ ಸಲ ಕೇಳಿತು.

ರೇಣವ್ವ ಎದ್ದು ನಿಂತಳು.

"ಅದೇನ್ರಿ" ಎಂದಳು.